ಸ್ಪಾ ರೂಮಲ್ಲಿ ಆಟ ಕಟ್ಟುದು ಹೇಗೆ

ದೀಪಾವಳಿಗೆ ಮುಂಚಿನ ಸಂಜೆ ನಮ್ಮ ಮನೆಯಲ್ಲಿ ನೀರು ತುಂಬುದು ಅಂತ ಇತ್ತು, ನಿಮ್ಮಲ್ಲೂ ಇರಬಹುದು. ಬಚ್ಚಲಿನ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ ಫಳಫಳ ಮಾಡಿ, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಶೇಡಿ ಮಣ್ಣಿನಲ್ಲಿ ಬಿಳಿ ಗೆರೆ ಎಳೆದು, ಜಾಗಟೆ ಹೊಡ್ಕೊಂಡು ಬಾವಿಯಿಂದ ನೀರು ತಂದು ತುಂಬುದು. ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸಿ ಅಜ್ಜಿ ಮಣೆ ಮೇಲೆ ಕೂರಿಸಿ ಮಂಡೆಗೆ ಎಣ್ಣೆ ತಟ್ಟುದು, ಬಚ್ಚಲಲ್ಲಿ ಒಲೆಯ ಕೆಂಪು ಬಿಟ್ರೆ ಬೇರೆ ಬೆಳಕಿಲ್ಲ, ಹಬೆಗೆ ಎದುರಿಗಿದ್ದವರ ಮುಖ ಕಾಣುದಿಲ್ಲ, ಸೀಗೆಪುಡಿ ವಾಸನೆ, ಹೊರಗೆ ಎಲ್ಲೋ ದೂರದಲ್ಲಿ ಪಟಾಕಿ. ನಾನು ಸ್ಪಾ ಕೆಲಸಕ್ಕೆ ಬಂದು 11 ವರ್ಷ ಆಯ್ತು, ಟ್ರೈನಿಂಗ್‌ನಲ್ಲಿ ಮೊದಲ ಸಲ ಮಲ್ಟಿ ಸೆನ್ಸರಿ ಎಕ್ಸ್‌ಪೀರಿಯೆನ್ಸ್ ಅಂತ ಸ್ಲೈಡ್ ತೋರಿಸಿದಾಗ ನಂಗೆ ನೆನಪಾದ್ದು ಆ ಬಚ್ಚಲು. ಅಜ್ಜಿ ಇದನ್ನೆಲ್ಲ ಖರ್ಚಿಲ್ಲದೆ ಮಾಡ್ತಿದ್ರಲ್ಲ ಅಂತ.

ಈಗ ಉಡುಪಿಯಲ್ಲಿ ಎರಡು ರೂಮಿನ ಸಣ್ಣ ಜಾಗ ನಡೆಸ್ತಾ ಇದ್ದೇನೆ. ನಿಮ್ಮ ರೂಮಲ್ಲಿ ಇಫೆಕ್ಟ್ ಎಲ್ಲ ಹೇಗೆ ಮಾಡುದು ಅಂತ ಬೇರೆ ಪಾರ್ಲರಿನವರು ಕೇಳ್ತಾ ಇರ್ತಾರೆ, ಒಬ್ಬೊಬ್ರಿಗೆ ವಾಯ್ಸ್ ಮೆಸೇಜ್ ಹಾಕಿ ಹಾಕಿ ಸಾಕಾಯ್ತು, ಹಾಗಾಗಿ ಒಟ್ಟಿಗೆ ಬರೆದು ಬಿಡುವ ಅಂತ. ಲಕ್ಷಗಟ್ಟಲೆ ಹಾಕುವ ರೆಸಾರ್ಟಿನವರಿಗೆ ಇದು ಬೇಡ, ಅವರ ಹತ್ರ ಇಂಜಿನಿಯರ್ ಇರ್ತಾರೆ.

ಮೊದಲಿಗೆ ಒಂದು ಮಾತು. ಆಟ ನೋಡಿದ್ದೀರಲ್ಲ, ರಾತ್ರಿಯ ಯಕ್ಷಗಾನ ಆಟ? ಒಡ್ಡೋಲಗ, ಅಂದ್ರೆ ವೇಷದ ಮೊದಲ ಪ್ರವೇಶ, ಆಗುವಾಗ ವೇಷ ಸೀದಾ ಬಂದು ನಿಲ್ಲುದಿಲ್ಲ. ಇಬ್ಬರು ತೆರೆ ಹಿಡಿತಾರೆ, ಮೇಲಿಂದ ಕಿರೀಟದ ತುದಿ ಕಾಣ್ತದೆ, ಕೆಳಗಿಂದ ಗೆಜ್ಜೆ ಕಾಲು, ಚೆಂಡೆ ಏರ್ತಾ ಹೋಗ್ತದೆ, ಮುಖ ಮಾತ್ರ ಇಲ್ಲ. ಕಾದು ಕಾದು ತೆರೆ ತೆಗೆದಾಗಲೇ ಆ ರೋಮಾಂಚ. ಸ್ಪಾದಲ್ಲೂ ಇಷ್ಟೇ ಕೆಲಸ. ಹೊಗೆ, ಪರಿಮಳ, ಬಣ್ಣದ ಲೈಟು, ಕೊಳಲು ಎಲ್ಲ ಒಟ್ಟಿಗೆ ಬಾಗಿಲು ತೆಗ್ದ ಕೂಡ್ಲೆ ಮುಖಕ್ಕೆ ಹೊಡೆದ್ರೆ ಅದು ಮದುವೆ ಹಾಲಿನ ಸ್ಟೇಜ್ ಆಗ್ತದೆ ಮಾರಾಯ್ರೆ. ಒಂದು ಹೊತ್ತಿಗೆ ಒಂದೇ ವೇಷ, ಅದು ಒಳಗೆ ಹೋದ ಮೇಲೆ ಇನ್ನೊಂದು. ಮತ್ತೆ ಚೌಕಿ, ವೇಷ ಕಟ್ಟುವ ಹಿಂದಿನ ಜಾಗ, ಯಾರಿಗೂ ಕಾಣ್ಬಾರ್ದು, ಅಂದ್ರೆ ವೈರು, ಅಡಾಪ್ಟರು, ಎಣ್ಣೆ ಬಾಟ್ಲಿ, ಒದ್ದೆ ಟವೆಲ್ಲಿನ ಬಕೆಟು ಎಲ್ಲ ಒಂದು ಪರದೆ ಹಿಂದೆ.

ಯಾವ ಸಾಮಾನು ತರುವ ಮೊದಲೂ ಒಂದು ಕೆಲಸ ಮಾಡಿ. ನಿಮ್ಮದೇ ಮಸಾಜ್ ಟೇಬಲ್ ಮೇಲೆ ನೀವೇ ಅಂಗಾತ ಮಲಗಿ, ಹತ್ತು ನಿಮಿಷ ಸುಮ್ಮನೆ. ನಾನು ಮಲಗಿದಾಗ ಕಂಡದ್ದು ಫ್ಯಾನಿನ ರೆಕ್ಕೆಯ ಧೂಳು, ಟ್ಯೂಬ್‌ಲೈಟಿನ ಪಟ್ಟಿ, ಮೂಲೆಯಲ್ಲಿ ಒಂದು ಹಲ್ಲಿ. ಕೇಳಿದ್ದು ಎಸಿಯ ಗುರ್ ಮತ್ತೆ ನಮ್ಮ ಹುಡುಗಿಯ ಚಪ್ಪಲಿ ಪಟ್ ಪಟ್. ಮತ್ತೆ ಬೋರಲು ಮಲಗಿ ಟೇಬಲಿನಲ್ಲಿ ಮುಖ ಇಡುವ ತೂತಿನಿಂದ ಕೆಳಗೆ ನೋಡಿ. ನೆಲದ ಟೈಲ್ಸು, ಟೇಬಲಿನ ಕಾಲು, ಅಷ್ಟೆ! ಗಿರಾಕಿ ಅರ್ಧ ಗಂಟೆ ನೋಡುದು ಅದನ್ನೇ. ನಾವು ಗೋಡೆಗೆ ಬುದ್ಧನ ಫೋಟೋ ಹಾಕಿದ್ದೇವೆ, ಅದನ್ನು ನೋಡುದು ನಾವು ಮಾತ್ರ.

ಆದ್ರಿಂದ ನಾನು ಶುರು ಮಾಡಿದ್ದು ಮೇಲೆ ಮಾಡು, ಅಂದ್ರೆ ಸೀಲಿಂಗ್, ಕೆಳಗೆ ತೂತು, ಈ ಎರಡೇ ಜಾಗದಿಂದ.

ಮಾಡಿನ ಮೇಲೆ ನೀರಿನ ಬೆಳಕು

ಮಧ್ಯಾಹ್ನ ಬಾವಿಕಟ್ಟೆ ಹತ್ರ ನಿಂತ್ರೆ ನೀರಿನ ಬೆಳಕು ಗೋಡೆ ಮೇಲೆ ಅಲ್ಲಾಡ್ತದಲ್ಲ, ಅದೇ. ಅಗಲದ ತಟ್ಟೆ, ಅಂಚು ಎರಡಿಂಚು ಆದ್ರೂ ಇರ್ಬೇಕು, ಅದರ ತಳಕ್ಕೆ ಒಂದು ಕನ್ನಡಿ ತುಂಡು, ಮೇಲೆ ಒಂದಿಂಚು ನೀರು. ಪಕ್ಕದಿಂದ ಓರೆಯಾಗಿ ಒಂದು ಸಪುರ ಬೆಳಕಿನ ಎಲ್‌ಇಡಿ ಟಾರ್ಚು ಬಿಡಿ, ಬೆಳಕು ಕನ್ನಡಿಗೆ ಬಡಿದು ಮಾಡಿಗೆ ಹೋಗ್ತದೆ. ಅಗಲಕ್ಕೆ ಚೆಲ್ಲುವ ಬಲ್ಬು ಹಾಕಿದ್ರೆ ಆಗುದಿಲ್ಲ, ಬರೀ ಬಿಳಿ ಕಲೆ ಕಾಣ್ತದೆ, ಅಲೆ ಕಾಣುದಿಲ್ಲ. ಈಗ ನೀರು ಅಲ್ಲಾಡ್ಬೇಕಲ್ಲ, ಅದಕ್ಕೆ ಕೆಲವರು ಅಕ್ವೇರಿಯಂ ಪಂಪ್ ಹಾಕ್ತಾರೆ, ಅದು ಗೊರ ಗೊರ ಅಂತದೆ ಮತ್ತೆ ಅಲೆ ಒಂದೇ ಸಮ ಓಡ್ತದೆ, ನೋಡಿದ್ರೆ ತಲೆ ತಿರುಗ್ತದೆ. ನಂಗೆ ಐಡಿಯಾ ಬಂದದ್ದು ದೇವಸ್ಥಾನದಲ್ಲಿ, ಲಿಂಗದ ಮೇಲೆ ಧಾರಾಪಾತ್ರೆ ತೂಗ್ತದಲ್ಲ, ತಟಕ್, ತಟಕ್ ಅಂತ. ಒಂದು ಸಣ್ಣ ತಾಮ್ರದ ಚೆಂಬಿಗೆ ತೂತು ಮಾಡಿಸಿ, ತೂತಿಗೆ ಹತ್ತಿ ಬತ್ತಿ ಬಿಗಿಯಾಗಿ ಸಿಕ್ಕಿಸಿ ತೂಗು ಹಾಕಿದೆ, ಐದು ಸೆಕೆಂಡಿಗೆ ಒಂದು ಹನಿ ಬೀಳುವ ಹಾಗೆ. ಒಂದೊಂದು ಹನಿಗೂ ಮಾಡಿನ ಮೇಲೆ ಒಂದು ಉಂಗುರ ಅರಳಿ ದೊಡ್ಡದಾಗಿ ಗೋಡೆವರೆಗೆ ಹೋಗಿ ಮಾಯ ಆಗ್ತದೆ. ನೀರು ತುಂಬಿ ಚೆಲ್ತದೆ ಅಂತ ಹೆದರ್ಬೇಡಿ, ಆ ಲೆಕ್ಕದಲ್ಲಿ ಗಂಟೆಗೆ 720 ಹನಿ, ಹೆಚ್ಚೆಂದ್ರೆ 40 ಎಂಎಲ್, ಅರ್ಧ ಲೋಟವೂ ಇಲ್ಲ.

ಇದರಲ್ಲಿ ಜಾಗ್ರತೆ ಒಂದೇ, ಕನ್ನಡಿಯಿಂದ ಬರುವ ಬೆಳಕು ಮಲಗಿದವರ ಕಣ್ಣಿಗೆ ಬೀಳ್ಬಾರ್ದು. ತಟ್ಟೆಯನ್ನು ಅವರ ಕಣ್ಣಿಗಿಂತ ಎತ್ತರದ ಶೆಲ್ಫಿನಲ್ಲಿ, ತಲೆಯ ಹಿಂಬದಿಗೆ ಇಡಿ. ಟಾರ್ಚು ಬ್ಯಾಟರಿದು ಆಗ್ಲಿ, ನೀರಿನ ಹತ್ರ 230 ವೋಲ್ಟಿನ ವೈರು ಬೇಡವೇ ಬೇಡ. ಹೇಗೂ ರೂಮಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ಕೂಡ್ಲೆ ಲೈನ್ ಕಟ್ ಮಾಡುವ ಸ್ವಿಚ್ಚು) ಇಲ್ಲದಿದ್ರೆ ಇಫೆಕ್ಟ್ ವಿಷಯ ಬಿಟ್ಟು ಮೊದಲು ಅದನ್ನು ಹಾಕಿಸಿ.

ತೂತಿನ ಕೆಳಗೆ ಮಲ್ಲಿಗೆ

ಇದು ನನ್ನ ಫೇವರಿಟ್, ಮತ್ತೆ ನಮ್ಮ ಊರಲ್ಲಿ ಮಾತ್ರ ಇಷ್ಟು ಲಾಯ್ಕ ಆಗುದು ಅಂತ ನನ್ನ ಹಠ. ಶಂಕರಪುರದ ಮಲ್ಲಿಗೆ, ಜಿಐ ಟ್ಯಾಗ್ ಇರುವ ನಮ್ಮ ಉಡುಪಿ ಮಲ್ಲಿಗೆ, ಬಾಳೆನಾರಲ್ಲಿ ಕಟ್ಟಿ ಬರ್ತದಲ್ಲ. ಮಾರುದು ಅಟ್ಟೆ ಲೆಕ್ಕದಲ್ಲಿ, ಒಂದು ಅಟ್ಟೆ ಅಂದ್ರೆ ಕಟ್ಟಿದ ಹೂವಿನ ನಾಲ್ಕು ಚೆಂಡು, ಮದುವೆ ಸೀಸನ್‌ನಲ್ಲಿ ಅಟ್ಟೆ ರೇಟ್ ಕೇಳಿದ್ರೆ ಎದೆ ಧಸಕ್ ಅಂತದೆ, ಆದ್ರೆ ನಮಗೆ ಬೇಕಾದ್ದು ಕಾಲು ಚೆಂಡು ಮಾತ್ರ. ಈ ಹೂವು ಬಿರಿಯುದು ಸಂಜೆಗೆ. ಬೆಳಿಗ್ಗೆ ಹತ್ತು ಗಂಟೆಯ ಅಪಾಯಿಂಟ್‌ಮೆಂಟಿಗೆ ಇದನ್ನು ಇಟ್ರೆ ಎಂತ ಇಲ್ಲ, ಬರೀ ಬಿಳಿ ಮೊಗ್ಗು. ಸಂಜೆ ಆರರ ಗಿರಾಕಿಗೆ ಇಡಿ.

ಕಪ್ಪು ಬಣ್ಣದ ಅಗಲದ ಬಟ್ಟಲು, ಮಣ್ಣಿನದ್ದಾದ್ರೂ ಆಗ್ತದೆ, ಅದರಲ್ಲಿ ಉಗುರು ಬೆಚ್ಚಗಿನ ನೀರು, ನೀರು ಬೆಚ್ಚಗಿದ್ರೆ ಪರಿಮಳ ಬೇಗ ಏಳ್ತದೆ. ನಾರು ಬಿಚ್ಚಿ ಮೊಗ್ಗುಗಳನ್ನು ತೇಲಿಸಿ, ಬಟ್ಟಲಿನ ಪಕ್ಕ ಒಂದು ಸಣ್ಣ ಬ್ಯಾಟರಿ ದೀಪ. ನಿಜವಾದ ದೀಪ ಬೇಡ, ಮೇಲೆ ನೇತಾಡುವ ಶೀಟು, ಕೂದಲು, ಎಣ್ಣೆ ಎಲ್ಲ ಇರ್ತದೆ. ಇದೆಲ್ಲ ಆಗಿ ಬಟ್ಟಲಿನ ಮೇಲೆ ಒಂದು ತೆಳು ಬಟ್ಟೆ ಮುಚ್ಚಿ, ಇದೇ ನಮ್ಮ ತೆರೆ. ಗಿರಾಕಿ ಬೋರಲು ಮಲಗುವಾಗ ಕೆಳಗೆ ಬರೀ ಕತ್ತಲೆ. ಬೆನ್ನಿಗೆ ಎಣ್ಣೆ ಹಚ್ಚಿ ಐದಾರು ನಿಮಿಷ ಆಗಿ ಅವರ ಉಸಿರು ನಿಧಾನ ಆಯ್ತು ಅಂತ ಗೊತ್ತಾದ ಮೇಲೆ, ಒಂದು ಕೈ ಬೆನ್ನಿನ ಮೇಲೆ ಇಟ್ಕೊಂಡೇ ಇನ್ನೊಂದು ಕೈಯಲ್ಲಿ ಬಟ್ಟೆಯನ್ನು ಸರಕ್ಕನೆ ಅಲ್ಲ, ಮೆಲ್ಲ ಎಳೆಯಿರಿ. ಕೈ ತೆಗಿಬಾರ್ದು, ತೆಗೆದ್ರೆ ಅವರಿಗೆ ಎಚ್ಚರ ಆಗ್ತದೆ. ಕೆಲವರು ಕಣ್ಣು ಮುಚ್ಚಿರ್ತಾರೆ, ತೊಂದರೆ ಇಲ್ಲ, ಮೂಗು ಕಣ್ಣನ್ನು ತೆಗೆಸ್ತದೆ. ಒಮ್ಮೆ ಒಬ್ಬರು ಅಕ್ಕ, ದುಬೈಯಿಂದ ರಜೆಗೆ ಬಂದವರು, ಬಟ್ಟೆ ಎಳೆದ ಮೇಲೆ ಎರಡು ನಿಮಿಷ ಎಂತ ಮಾತಿಲ್ಲ, ಮತ್ತೆ ತೂತಿನೊಳಗಿಂದ ಸಣ್ಣ ಸ್ವರದಲ್ಲಿ "ಇದು ನಮ್ಮ ಅಮ್ಮನ ತಲೆ" ಅಂದ್ರು.

ಹೊಗೆ ವಿಷಯ

ಎಲ್ಲರೂ ಕೇಳುದು ಇದನ್ನೇ. ಡ್ರೈ ಐಸ್ ತರ್ಲಾ ಅಂತ. ರೂಮಿನೊಳಗೆ ಬೇಡ ಅಂತ ನಾನು ಹೇಳುದು, ಸುಮ್ಮನೆ ಅಲ್ಲ, ಲೆಕ್ಕ ನೋಡಿ. ಡ್ರೈ ಐಸ್ ಅಂದ್ರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ, ಬರಿಗೈಯಲ್ಲಿ ಮುಟ್ಟಿದ್ರೆ ಸುಟ್ಟ ಹಾಗೆ ಗುಳ್ಳೆ ಬರ್ತದೆ. 1 ಕೆಜಿ ಕರಗಿದ್ರೆ 500 ಲೀಟರಿಗಿಂತ ಜಾಸ್ತಿ ಗ್ಯಾಸ್. ನಮ್ಮ ರೂಮು 10 ಅಡಿ, 10 ಅಡಿ, ಎತ್ತರ 9, ಅಂದ್ರೆ ಸುಮಾರು 25 ಸಾವಿರ ಲೀಟರ್ ಗಾಳಿ. ಕಿಟಕಿ ಹಾಕಿ ಎಸಿ ಬಿಟ್ಟ ಆ ರೂಮಲ್ಲಿ 1 ಕೆಜಿ ಹಾಕಿದ್ರೆ ಗಾಳಿಯಲ್ಲಿ ಶೇಕಡ 2 ಆ ಗ್ಯಾಸೇ ಆಯ್ತು, ಕೆಲಸದ ಜಾಗಕ್ಕೆ ದಿನದ ಮಿತಿ ಅಂತ ಸಾಮಾನ್ಯವಾಗಿ ಹೇಳುದು ಶೇಕಡ 0.5. ಮತ್ತೆ ಅದು ಗಾಳಿಗಿಂತ ಭಾರ, ನೆಲದಲ್ಲೇ ಕೂರ್ತದೆ, ನೆಲದ ಹಾಸಿಗೆಯಲ್ಲಿ ಥಾಯ್ ಮಸಾಜ್ ಮಾಡಿಸ್ಕೊಳ್ಳುವವರ ಮೂಗು ಎಲ್ಲಿರ್ತದೆ ಹೇಳಿ? ನಾನೂ ಒಮ್ಮೆ ಮದುಮಗಳ ಗುಂಪಿಗೆ ಅಂತ ಫುಟ್‌ಬಾತ್ ಸುತ್ತ ಹಾಕಿದ್ದೆ, ಫೋಟೋ ಭಾರೀ ಬಂತು, ಅರ್ಧ ಗಂಟೆಯಲ್ಲಿ ಮೂರು ಜನಕ್ಕೆ ತಲೆನೋವು, ನಂಗೂ. ಬೇಕೇ ಬೇಕು ಅಂತಿದ್ರೆ ಬಾಗಿಲ ಹೊರಗೆ, ಗಾಳಿಯಾಡುವ ಚಾವಡಿಯಲ್ಲಿ, ಸ್ವಾಗತದ ಬಟ್ಟಲಿಗೆ 100 ಗ್ರಾಮಿನಷ್ಟು, ದಪ್ಪ ಗ್ಲೌಸ್ ಹಾಕಿ ಇಕ್ಕಳದಲ್ಲಿ. ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಇಡ್ಬೇಡಿ, ಗ್ಯಾಸ್ ತುಂಬಿ ಒಡಿತದೆ. ಕುಡಿಯುವ ಗ್ಲಾಸಿಗೆ ಅಂತೂ ಹಾಕ್ಲೇಬೇಡಿ.

ಸಾಂಬ್ರಾಣಿ? ಅದರ ಕತೆ ಬೇರೆ. ಮೊದಲು ನಾನು ಕೆಲಸಕ್ಕಿದ್ದ ಒಂದು ಹೋಟೆಲಿನ ಸ್ಪಾದಲ್ಲಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಧೂಪ ಹಿಡ್ಕೊಂಡು ಚಂದ ಮಾಡಿ ಒಳಗೆ ಬಂದೆ, ನನ್ನ ಮನಸ್ಸಿನಲ್ಲಿ ಮಹಿಷಾಸುರನ ಪ್ರವೇಶಕ್ಕೆ ದೊಂದಿಗೆ ರಾಳ ಎಸೆದ ಹಾಗೆ ಆಗ್ಬೇಕು ಅಂತ. ಆಯ್ತು ಸಹ. ಮೇಲೆ ಸ್ಮೋಕ್ ಡಿಟೆಕ್ಟರ್ ಇದ್ದದ್ದು ನಂಗೆ ಗೊತ್ತೇ ಇಲ್ಲ, ಇಡೀ ಮಹಡಿಗೆ ಅಲಾರಾಂ ಹೊಡೀತು, ಗಿರಾಕಿ ಟವೆಲ್ ಸುತ್ತಿಕೊಂಡು ಕಾರಿಡಾರಿನಲ್ಲಿ. ನನ್ನದೇ ತಪ್ಪು, ಒಂದು ಸಲ ತಲೆ ಎತ್ತಿ ನೋಡಿದ್ರೆ ಸಾಕಿತ್ತು. ಈಗ ಧೂಪ ಹಾಕುದು ಗಿರಾಕಿ ಬರುವ ಒಂದು ಗಂಟೆ ಮೊದಲು, ಕಿಟಕಿ ತೆಗೆದು, ಹೊಗೆ ಪೂರ್ತಿ ಹೋದ ಮೇಲೆ ಪರದೆಯಲ್ಲಿ ಉಳಿಯುವ ವಾಸನೆ ಉಂಟಲ್ಲ, ಅಷ್ಟೇ ಸಾಕು.

ನಾನು ಬಳಸುದು ಅಲ್ಟ್ರಾಸಾನಿಕ್ ಮಿಸ್ಟ್ ಮೇಕರ್, ನೀರಲ್ಲಿ ಮುಳುಗಿಸುವ ಸಣ್ಣ ಬಿಲ್ಲೆ, 24 ವೋಲ್ಟು. ಹಿತ್ತಾಳೆ ಉರುಳಿಯಲ್ಲಿ ಇಟ್ಟು ಮೇಲೆ ನಾಲ್ಕು ಎಲೆ ಇಟ್ರೆ ಬಿಲ್ಲೆ ಕಾಣುದಿಲ್ಲ, ಬಿಳಿ ಮಂಜು ಅಂಚಿನಿಂದ ಇಳಿತಾ ಹೋಗ್ತದೆ. ನೀರು ಬಿಲ್ಲೆಯ ಮೇಲೆ ಎರಡು ಮೂರು ಬೆರಳಷ್ಟು ಮಾತ್ರ ನಿಲ್ಬೇಕು, ಜಾಸ್ತಿ ಹಾಕಿದ್ರೆ ಮಂಜೇ ಬರುದಿಲ್ಲ, ಕಡಿಮೆ ಆದ್ರೆ ಬಿಲ್ಲೆ ಸುಟ್ಟು ಹೋಗ್ತದೆ. ಬಾವಿ ನೀರು ಬೇಡ, ಡಿಸ್ಟಿಲ್ಡ್ ಅಥವಾ ಆರ್‌ಒ ನೀರು ಹಾಕಿ, ಇಲ್ಲದ್ರೆ ನೀರಿನ ಉಪ್ಪಿನಂಶ ಬಿಳಿ ಧೂಳಾಗಿ ಟೇಬಲ್ ಮೇಲೆಲ್ಲ ಕೂರ್ತದೆ. ಎಣ್ಣೆ ಅದಕ್ಕೆ ಹಾಕ್ಲೇಬಾರ್ದು. ಮತ್ತೆ ದಿನಾ ನೀರು ಚೆಲ್ಲಿ ಒರೆಸಿ ಒಣಗಿಸ್ಬೇಕು, ನಿನ್ನೆಯ ನೀರಿನಲ್ಲಿ ಬೆಳೆದ ಕ್ರಿಮಿ ಮಂಜಿನೊಟ್ಟಿಗೆ ಸೀದಾ ಶ್ವಾಸಕೋಶಕ್ಕೆ ಹೋಗ್ತದೆ. ನಮ್ಮ ಕರಾವಳಿಗೆ ಇನ್ನೊಂದು ಮಾತು, ಜೂನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಆಗ ಮಂಜು ಬೇಗ ಆರುದಿಲ್ಲ, ನೋಡ್ಲಿಕ್ಕೆ ಚಂದವೇ, ಆದ್ರೆ ನೆಲ ಜಾರ್ತದೆ, ಟವೆಲ್ಲಿಗೆ ಬೂಷ್ಟು. ಮಳೆಗಾಲದಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ಬಿಡ್ಬೇಡಿ. ಸೆಕೆಗಾಲದಲ್ಲಿ ಎಸಿ ರೂಮಲ್ಲಿ ಹತ್ತು ನಿಮಿಷ.

ಪರಿಮಳ, ಮತ್ತೆ ಒಂದು ಹಂಚಿನ ತುಂಡು

ಮೂಗು ಬೇಗ ಸೋಲ್ತದೆ. ಯಾವ ಪರಿಮಳ ಆದ್ರೂ ಸ್ವಲ್ಪ ಹೊತ್ತಿನಲ್ಲಿ ಗೊತ್ತೇ ಆಗುದಿಲ್ಲ, ಆಗ ನಾವು ಕಮ್ಮಿ ಆಯ್ತು ಅಂತ ಇನ್ನೂ ನಾಲ್ಕು ಹನಿ ಹಾಕುದು, ಹೊರಗಿಂದ ಬಂದವರಿಗೆ ಉಸಿರು ಕಟ್ಟುದು. ಪರಿಮಳ ಹರಡುವ ಡಿಫ್ಯೂಸರ್ ಹಾಕುದಾದ್ರೆ ಗಿರಾಕಿ ಬರುವ ಕಾಲು ಗಂಟೆ ಮೊದಲು ಹಾಕಿ, ಬಂದ ಮೇಲೆ ಬಂದ್ ಮಾಡಿ. ಮತ್ತೆ ಬೇಕಾದಲ್ಲಿ ಹೊಸ ಪರಿಮಳ ತನ್ನಿ, ಮೊದಲಿನದ್ದನ್ನೇ ಜೋರು ಮಾಡ್ಬೇಡಿ.

ಮೈಗೆ ಹಚ್ಚುವ ಎಣ್ಣೆಗೆ ಎಸೆನ್ಷಿಯಲ್ ಆಯಿಲ್, ಅಂದ್ರೆ ಗಿಡದಿಂದ ತೆಗೆದ ಕಡು ಪರಿಮಳದ ಎಣ್ಣೆ, ಶೇಕಡ 2 ಸಾಕು, 30 ಎಂಎಲ್ ತೆಂಗಿನೆಣ್ಣೆಗೋ ಎಳ್ಳೆಣ್ಣೆಗೋ 12 ಹನಿ. ಮುಖಕ್ಕೆ ಅದರ ಅರ್ಧ. ದಾಲ್ಚಿನ್ನಿ, ಲವಂಗದ ಎಣ್ಣೆ ಚರ್ಮಕ್ಕೆ ಉರಿ, ನಾನು ಮೈಗೆ ಹಾಕುದೇ ಇಲ್ಲ. ಬರ್ಗಮಾಟ್ (ಅದೂ ನಿಂಬೆ ಜಾತಿಯದ್ದೇ) ಮತ್ತೆ ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳ್ತದೆ, ನಮ್ಮ ಗಿರಾಕಿಗಳು ಅರ್ಧ ಜನ ಇಲ್ಲಿಂದ ಸೀದಾ ಮಲ್ಪೆ ಬೀಚಿಗೆ ಹೋಗುವವರು.

ಈಗ ಹಂಚು. ನಮ್ಮದೇ ಮಂಗಳೂರು ಹಂಚು, 1865ರಲ್ಲಿ ಬಾಸೆಲ್ ಮಿಷನಿನವರು ಫ್ಯಾಕ್ಟರಿ ಶುರು ಮಾಡಿದ ಕೆಂಪು ಹಂಚು, ಹಳೆ ಮನೆ ಕೆಡವಿದಲ್ಲಿ ರಾಶಿ ಬಿದ್ದಿರ್ತದೆ. ಒಂದು ತುಂಡು ತಂದು ಪಾಚಿ ಎಲ್ಲ ತಿಕ್ಕಿ ತೊಳೆದು ಒಂದು ವಾರ ಬಿಸಿಲಲ್ಲಿ ಒಣಗಿಸಿ, ಒಳಗೆ ಒದ್ದೆ ಉಳಿದದ್ದನ್ನು ಬಿಸಿ ಮಾಡಿದ್ರೆ ಸೀಳ್ತದೆ. ಟ್ರೀಟ್‌ಮೆಂಟಿನ ದಿನ ಮಧ್ಯಾಹ್ನದ ಬಿಸಿಲಿಗೆ ಇಟ್ಟು ಕಾಯಿಸಿ, ಬಿಸಿಲಿಲ್ಲದ್ರೆ ಟವೆಲ್ ಬಿಸಿ ಮಾಡುವ ಕ್ಯಾಬಿನೆಟ್ಟಿನಲ್ಲಿ. ಅದನ್ನು ತಲೆಯ ಹತ್ರ ಸ್ಟೂಲಿನ ಮೇಲೆ ಇಟ್ಟು, ಬೆರಳಿನಿಂದ ಹತ್ತು ಹನಿ ನೀರು ಚಿಮುಕಿಸಿ. ಸುಂಯ್ ಅಂತ ಹೀರ್ತದೆ, ಮೊದಲ ಮಳೆ ಬಿದ್ದ ಅಂಗಳದ ವಾಸನೆ ಏಳ್ತದೆ ನೋಡಿ, ಯಾವ ಬಾಟ್ಲಿಯಲ್ಲೂ ಇಲ್ಲ ಅದು. ಬೇಕಿದ್ರೆ ಮೊದಲೇ ಎರಡು ಹನಿ ಲಾವಂಚದ ಎಣ್ಣೆ ಹಂಚಿಗೆ ಕುಡಿಸಿಡಿ. ಹಂಚಿನ ಖರ್ಚು ಸೊನ್ನೆ, ಗಿರಾಕಿಗಳು ಅತೀ ಜಾಸ್ತಿ ಕೇಳುದು ಅದನ್ನೇ.

ಶಬ್ದ

ಕಮ್ಮಿ ಇದ್ದಷ್ಟು ಒಳ್ಳೆದು. ಯೂಟ್ಯೂಬಿನ ಸ್ಪಾ ಮ್ಯೂಸಿಕ್ ಹಾಕ್ಬೇಡಿ, ಮಧ್ಯದಲ್ಲಿ ಸಿಮೆಂಟಿನ ಜಾಹೀರಾತು ಬರ್ತದೆ, ಮತ್ತೆ ರೆಕಾರ್ಡ್ ಆದ ಹಾಡನ್ನು ವ್ಯಾಪಾರದ ಜಾಗದಲ್ಲಿ ಹಾಕ್ಲಿಕ್ಕೆ ಲೈಸೆನ್ಸ್ ಬೇಕು. ನಾನು ಜುಲೈಯಲ್ಲಿ ಚಾವಡಿಯಲ್ಲಿ ಫೋನ್ ಇಟ್ಟು 40 ನಿಮಿಷ ಹಂಚಿನ ಮಾಡಿನ ಮಳೆ ರೆಕಾರ್ಡ್ ಮಾಡಿದ್ದು, ಹದಿನೆಂಟನೇ ನಿಮಿಷಕ್ಕೆ ಒಂದು ಕಪ್ಪೆ ಕೂಗ್ತದೆ, ತೆಗಿಬೇಕು ಅಂತಿದ್ದೆ, ಬೇಡ ಇರ್ಲಿ ಅಂತ ಗಿರಾಕಿಗಳೇ ಹೇಳಿದ್ರು. ಸ್ಪೀಕರ್ ತಲೆ ಹತ್ರ ಅಲ್ಲ, ಕಾಲಿನ ಹತ್ರ ಇಡಿ, ಮಳೆ ದೂರದಿಂದ ಬಂದ ಹಾಗೆ ಆಗ್ತದೆ. ಶುರುವಿಗೆ ಮತ್ತೆ ಕೊನೆಗೆ ಒಂದೊಂದು ಸಲ ಕಂಚಿನ ಬಟ್ಟಲು ಬಾರಿಸಿ, ಕಿವಿಯ ಹತ್ರ ಅಲ್ಲ, ಸ್ವರ ಪೂರ್ತಿ ಅಡಗುವವರೆಗೆ ಮುಟ್ಲೇಬೇಡಿ ಅವರನ್ನು. ನಮ್ಮವರೆಲ್ಲ ರೂಮಿನೊಳಗೆ ಬರಿಗಾಲು.

ಕಾಲು ತೊಳಿಯುವ ನೀರಿನ ಬಣ್ಣ

ಇದು ಮಾತ್ರ ಕಣ್ಣಿಗೆ ಜಾದೂ, ಶುರುವಿನಲ್ಲಿ ಗಿರಾಕಿ ಕುರ್ಚಿಯಲ್ಲಿ ಕೂತಿರುವಾಗ ಮಾಡುದು. ಬೇಲಿಯ ಶಂಖಪುಷ್ಪ, ನೀಲಿದ್ದು, 20 ಹೂ ಒಂದು ಲೋಟ ಬಿಸಿ ನೀರಿಗೆ ಹಾಕಿ ಸೋಸಿದ್ರೆ ಕಡು ನೀಲಿ. ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ಆ ನೀಲಿ ನೀರು, ಅದಕ್ಕೆ ಅರ್ಧ ಚಮಚ ಅಡುಗೆ ಸೋಡ, ಜಾಡಿ ಮುಕ್ಕಾಲು ಖಾಲಿಯೇ ಇರ್ಬೇಕು. ಗಿರಾಕಿಯ ಕೈಗೆ ಒಂದು ಸಣ್ಣ ಚಿಪ್ಪಿನಲ್ಲಿ ಒಂದು ಚಮಚ ಸಿಟ್ರಿಕ್ ಆಸಿಡ್ ಪುಡಿ ಕೊಟ್ಟು ನೀವೇ ಹಾಕಿ ಅಂತ ಹೇಳಿ. ಬುಸ್ ಅಂತ ನೊರೆ ಏಳ್ತದೆ, ನೊರೆ ಇಳಿಯುವಷ್ಟರಲ್ಲಿ ನೀಲಿ ಹೋಗಿ ನೇರಳೆ. ಆ ಜಾಡಿಯನ್ನು ಹಾಗೇ ಕಾಲಿನ ಬಟ್ಟಲಿನ ಬೆಚ್ಚ ನೀರಿಗೆ ಮೇಲಿಂದ ಸುರಿಯಿರಿ. ನಿಂಬೆಹುಳಿ ಹಿಂಡಿದ್ರೂ ಬಣ್ಣ ಬದಲಾಗ್ತದೆ, ಆದ್ರೆ ಸಿಪ್ಪೆಯ ಎಣ್ಣೆ ಮತ್ತೆ ಬಿಸಿಲಿನ ತಕರಾರು ಮೇಲೆ ಹೇಳಿದೆನಲ್ಲ, ಅದಕ್ಕೆ ಪುಡಿ. ಕಾಲು ಒಡೆದಿದ್ರೆ, ಗಾಯ ಇದ್ರೆ ಇದು ಬೇಡ, ಉರಿತದೆ. ಬಾತ್ ಬಾಂಬ್ ಉಂಡೆ ಮಾಡ್ತೇನೆ ಅಂತ ಹೊರಟವರಿಗೆ ಒಂದು ಮಾತು, ಮಳೆಗಾಲದಲ್ಲಿ ಇಲ್ಲಿ ಅದು ಒಣಗುದೇ ಇಲ್ಲ, ರಾತ್ರಿ ಇಟ್ಟದ್ದು ಬೆಳಿಗ್ಗೆ ಗಾಳಿಯ ಪಸೆಗೇ ಉಬ್ಬಿ ಇಡ್ಲಿ ಆಗಿರ್ತದೆ. ಪುಡಿಯನ್ನೇ ಬಿಗಿ ಡಬ್ಬದಲ್ಲಿ ಇಡಿ.

ಬಿಸಿ ತಣ್ಣಗೆ

ಎಣ್ಣೆ 38ರಿಂದ 40 ಡಿಗ್ರಿ, ಬಿಸಿ ಕಲ್ಲಿನ ಮಸಾಜಿಗೆ ಕಲ್ಲು ಕಾಯಿಸುವ ನೀರು 50ರಿಂದ 54, ಅಂದಾಜಿಗೆ ಬೇಡ, ಥರ್ಮಾಮೀಟರ್ ಇಡಿ, ಪ್ರತಿ ಕಲ್ಲನ್ನೂ ಮೊದಲು ನಿಮ್ಮ ಮಣಿಕಟ್ಟಿಗೆ. ಒಂದೇ ಜಾಗದಲ್ಲಿ ಬಿಸಿ ಕಲ್ಲು ಇಟ್ಟು ಮರಿಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ಬಿಸಿ ಗೊತ್ತಾಗದೆ ಇರಬಹುದು, ಅವರು ಏನೂ ಬಿಸಿ ಇಲ್ಲ ಇನ್ನೂ ಹಾಕಿ ಅಂದ್ರೂ ಹಾಕ್ಬೇಡಿ.

ಎಲ್ಲ ಸೇರಿಸಿ "ಮಳೆಗಾಲ" ಅಂತ 60 ನಿಮಿಷದ ನನ್ನದೊಂದು ಟ್ರೀಟ್‌ಮೆಂಟ್ ಉಂಟು, ಅದರ ಓಟ ಹೇಳ್ತೇನೆ. ಬಂದ ಕೂಡ್ಲೆ ಬೆಲ್ಲ ನೀರು, ನಮ್ಮ ಮನೆಗಳಲ್ಲಿ ಕೊಟ್ಟ ಹಾಗೆಯೇ, ಚೆಂಬಿನಲ್ಲಿ. ಮತ್ತೆ ಶಂಖಪುಷ್ಪದ ಜಾಡಿ, ಕಾಲು ತೊಳೆದು ಒರೆಸಿ ಒಳಗೆ, ಒಳಗೆ ಆಗ ಯಾವ ಪರಿಮಳವೂ ಇಲ್ಲ, ಶಬ್ದವೂ ಇಲ್ಲ, ಬೆಳಕು ಕಮ್ಮಿ. ಬೋರಲು ಮಲಗಿದ ಮೇಲೆ ಎಣ್ಣೆ, ಆರನೇ ನಿಮಿಷಕ್ಕೆ ಮಲ್ಲಿಗೆಯ ತೆರೆ. ಸುಮಾರು 25 ನಿಮಿಷ ಅದರದ್ದೇ ರಾಜ್ಯ, ಬೇರೆ ಎಂತ ಇಲ್ಲ. ಅಂಗಾತ ತಿರುಗುವ ಮೊದಲು ಬಟ್ಟಲನ್ನು ಪರದೆ ಹಿಂದೆ ಕೊಂಡೋಗಿ, ತಿರುಗಿದಾಗ ಮಾಡಿನ ಮೇಲೆ ನೀರಿನ ಬೆಳಕು ಆಗ್ಲೇ ಇರ್ಬೇಕು. ಅದನ್ನು ನೋಡ್ತಾ ನೋಡ್ತಾ ಕಣ್ಣು ಮುಚ್ಚಿದ್ರು ಅಂತ ಕಂಡ ಮೇಲೆ ಕಾಲ ಬುಡದಿಂದ ಮಳೆ ಶಬ್ದ, ಮೊದಲು ಕೇಳಿಯೂ ಕೇಳದ ಹಾಗೆ. ಮಳೆ ಸ್ವಲ್ಪ ಏರಿದಾಗ ಹಂಚಿಗೆ ನೀರು. ಆಮೇಲೆ ಹಣೆಗೆ ತಣ್ಣಗಿನ ಒದ್ದೆ ಬಟ್ಟೆ, ಲಾವಂಚ ಅದ್ದಿಟ್ಟ ನೀರಿದ್ದು. ಕೊನೆಯ ಐದು ನಿಮಿಷ ಮಳೆ ಇಳಿತಾ ಹೋಗಿ ನಿಲ್ತದೆ, ಹನಿ ಬೀಳುದು ಮಾತ್ರ ಉಳಿತದೆ. ಮಿಸ್ಟ್ ಎಲ್ಲಿ ಬಂತು ಅಂತ ಕೇಳಿದ್ರೆ, ಬರ್ಲಿಲ್ಲ, ಈ ಪ್ರಸಂಗದಲ್ಲಿ ಆ ವೇಷಕ್ಕೆ ಜಾಗ ಇಲ್ಲ. ಇದ್ದದ್ದನ್ನೆಲ್ಲ ಹಾಕ್ಬೇಕು ಅಂತ ಇಲ್ಲವಲ್ಲ.

ಸುರುವಿಗೆ ನಿಮ್ಮ ಹುಡುಗಿಯರಲ್ಲೇ ಒಬ್ಬರನ್ನು ಮಲಗಿಸಿ ನಾಲ್ಕೈದು ಸಲ ಟ್ರಯಲ್ ಮಾಡಿ, ಯಾವ ನಿಮಿಷಕ್ಕೆ ಎಂತ ಅಂತ ಒಂದು ಚೀಟಿಯಲ್ಲಿ ಬರೆದು ಪರದೆ ಹಿಂದೆ ಅಂಟಿಸಿ. ಕರೆಂಟ್ ಹೋದ್ರೆ ಎಂತ ಮಾಡುದು ಅಂತಲೂ ಅದರಲ್ಲಿ ಇರ್ಲಿ. ನಮ್ಮಲ್ಲಿ ಒಮ್ಮೆ ಮಳೆ ಶಬ್ದದ ಮಧ್ಯೆ ಕರೆಂಟ್ ಹೋಯ್ತು, ಹೊರಗೆ ನಿಜವಾದ ಮಳೆ ಬರ್ತಾ ಇತ್ತು, ಕಿಟಕಿ ತೆಗೆದೆ, ಗಿರಾಕಿಗೆ ಗೊತ್ತೇ ಆಗ್ಲಿಲ್ಲ. ದಿನಾ ಹಾಗೆ ಅದೃಷ್ಟ ಇರುದಿಲ್ಲ.

ಬುಕಿಂಗ್ ಆಗುವಾಗಲೇ ಕೇಳ್ಬೇಕಾದ್ದು, ಆಸ್ತಮಾ ಉಂಟಾ, ಮೈಗ್ರೇನ್ ಉಂಟಾ, ಫಿಟ್ಸ್, ಬಸುರಿಯಾ, ಶುಗರ್, ಯಾವುದಾದ್ರೂ ವಾಸನೆ ಆಗುದಿಲ್ಲವಾ. ಫಿಟ್ಸ್ ಇದ್ದವರಿಗೆ ಕರ್ಪೂರ, ನೀಲಗಿರಿ ಹತ್ತಿರ ತರ್ಬೇಡಿ, ಮಿಣುಕುವ ಲೈಟೂ ಬೇಡ, ಮಾಡಿನ ಮೇಲಿನ ಅಲೆ ಸಹ ಅವರಿಗೆ ಬಿಟ್ಟುಬಿಡಿ. ಮಲ್ಲಿಗೆ ಪರಿಮಳಕ್ಕೆ ತಲೆನೋವು ಬರುವವರೂ ಇದ್ದಾರೆ, ನಂಬ್ಲಿಕ್ಕೆ ಕಷ್ಟ, ಆದ್ರೆ ಇದ್ದಾರೆ. ಮಲಗುವಾಗ ಕೈಗೆ ಒಂದು ಸಣ್ಣ ಗಂಟೆ ಕೊಡ್ತೇನೆ, ಎಂತ ಬೇಡ ಅನ್ನಿಸಿದ್ರೂ ಬಾಯಿ ಬಿಡುದು ಬೇಡ ಅಕ್ಕ, ಒಮ್ಮೆ ಅಲ್ಲಾಡ್ಸಿ ಅಂತ. ನಮ್ಮ ಊರಿನವರಿಗೆ ಮುಖಕ್ಕೆ ಬೇಡ ಅಂತ ಹೇಳ್ಲಿಕ್ಕೆ ನಾಚಿಕೆ.

ಎದ್ದು ಕೂತ ಮೇಲೆ ಪುನರ್ಪುಳಿ ಶರಬತ್ತು, ಐಸ್ ಹಾಕದೆ, ಕೆಂಪು ಕಾಣುವ ಹಾಗೆ ಗಾಜಿನ ಲೋಟದಲ್ಲಿ. ಅದು ಕೊಟ್ಟು ರೂಮಿನಿಂದ ಹೊರಗೆ ಬನ್ನಿ, ಹೇಗಾಯ್ತು ಅಂತ ಕೇಳ್ತಾ ಎದುರಿಗೆ ನಿಲ್ಬೇಡಿ, ಅವರಷ್ಟಕ್ಕೆ ಕುಡಿಲಿ.

ಅವರು ಹೋದ ಮೇಲೆ ಕನ್ನಡಿ ತಟ್ಟೆಯ ನೀರು ಚೆಲ್ಲಿ ಒರೆಸುದು, ಇಲ್ಲದ್ರೆ ನಿಂತ ನೀರಿಗೆ ಸೊಳ್ಳೆ. ಹಂಚನ್ನು ಕಿಟಕಿ ಹತ್ರ ನಿಲ್ಲಿಸಿಡುದು. ಬಟ್ಟಲಿನ ಮಲ್ಲಿಗೆ ಎಣ್ಣೆ ಕೈ ತಾಗಿದ್ದು, ತುಳಸಿಕಟ್ಟೆಗೆ ಹಾಕ್ಲಿಕ್ಕಾಗುದಿಲ್ಲ, ಗಿಡದ ಬುಡಕ್ಕೆ. ಬಿಚ್ಚದೆ ಉಳಿದ ಮುಕ್ಕಾಲು ಚೆಂಡು ನಮ್ಮ ಹುಡುಗಿಯರಿಗೂ ನಂಗೂ ಹಂಚಿ ತಲೆಗೆ, ಏಳೂ ಮುಕ್ಕಾಲಿನ ಬಸ್ಸಿಗೆ ಓಡ್ಬೇಕು.